ಅಲ್ಲಿಯವರೆಗೆ ಏನು? ಒಬ್ಬ ಸೇತುವೆ ಮೇಷ್ಟ್ರ ಪ್ರಕರಣ

ಎಂಜಿನಿಯರಿಂಗ್ ಓದಿದವರಲ್ಲಿ ಆ ವಿಡಿಯೋ ನೋಡದವರು ಕಮ್ಮಿ. ಉಕ್ಕು, ಕಾಂಕ್ರೀಟಿನ ರಸ್ತೆಯೊಂದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತಿರುತ್ತದೆ. ಅದರ ಮೇಲೆ ಒಂದೇ ಒಂದು ಕಾರು. ರಸ್ತೆಯ ನಡುಗೆರೆ ಹಿಡಿದು ಒಬ್ಬರು ತಡವರಿಸುತ್ತಾ ನಡೆದು ಬರುತ್ತಾರೆ. ತರಗತಿಯಲ್ಲಿ ಇದನ್ನು ಹಾಕಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತದೆ. "ಕುಡಿದಿದ್ದಾರಾ ಸಾರ್?" ಅಂತ ಒಬ್ಬ ಕೇಳಿಯೂ ಇದ್ದ.

ಕುಡಿದಿರಲಿಲ್ಲ. ಅವರು ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರ್. ಈ ಸೇತುವೆ ಹೀಗೆ ತಿರುಚಿಕೊಂಡರೆ ಉಳಿಯುವುದಿಲ್ಲ ಅಂತ ಗೊತ್ತಿದ್ದ ಕೆಲವೇ ಜನರಲ್ಲಿ ಒಬ್ಬರು. ಗೊತ್ತಿದ್ದೂ ಅದರ ಮೇಲೆ ನಡೆದರು. ಯಾಕೆ ಅನ್ನುವುದು ಆಮೇಲೆ ಬರುತ್ತದೆ.

ಈ ಬರಹದಲ್ಲಿ ಜನರ ಹೆಸರು ಬಳಸುವುದಿಲ್ಲ. ಹೆಸರು ಬಂದ ಕೂಡಲೇ ನಾವು ತಪ್ಪಿತಸ್ಥನನ್ನು ಹುಡುಕಲು ಶುರು ಮಾಡುತ್ತೇವೆ, ನಿರ್ಧಾರಗಳು ಮರೆತೇ ಹೋಗುತ್ತವೆ. ಪ್ರೊಫೆಸರನ್ನು ಮೇಷ್ಟ್ರು ಅನ್ನೋಣ. ಸೇತುವೆಯ ಹೆಸರನ್ನು ಮಾತ್ರ ಮುಚ್ಚಿಡಲು ಆಗದು. ಅಷ್ಟು ಹೆಸರುವಾಸಿ ಅದು: ಟಕೋಮಾ ನ್ಯಾರೋಸ್.

ಹಿನ್ನೆಲೆ

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ರಾಜ್ಯ. ರಾಜಧಾನಿ ವಾಷಿಂಗ್ಟನ್ ಅಲ್ಲ, ಅದು ಪೂರ್ವದ ಇನ್ನೊಂದು ತುದಿ. ಇಲ್ಲಿ ಸಮುದ್ರವು ಪ್ಯೂಜೆಟ್ ಸೌಂಡ್ ಎಂಬ ಹೆಸರಿನಲ್ಲಿ ಒಳನಾಡಿಗೆ ಕೈ ಚಾಚಿಕೊಂಡಿದೆ. ಟಕೋಮಾ ಊರಿನಿಂದ ಎದುರಿನ ಕಿಟ್ಸಾಪ್ ಪರ್ಯಾಯ ದ್ವೀಪಕ್ಕೆ ಹೋಗಬೇಕಾದರೆ ಒಂದೋ ದೋಣಿ, ಇಲ್ಲವೋ ಸುತ್ತು ದಾರಿ. ಸೇತುವೆ ಬೇಕು ಅನ್ನುವ ಕೂಗು ಹಳೆಯದು.

1930ರ ದಶಕದ ಕೊನೆಗೆ ರಾಜ್ಯದ ಒಬ್ಬ ಎಂಜಿನಿಯರ್ ನಕ್ಷೆ ಮಾಡಿದರು. ರಸ್ತೆಯ ಕೆಳಗೆ 25 ಅಡಿ ಎತ್ತರದ ಟ್ರಸ್, ಅಂದರೆ ತ್ರಿಕೋನ ತ್ರಿಕೋನವಾಗಿ ಕಟ್ಟಿದ ಉಕ್ಕಿನ ಚೌಕಟ್ಟು. ಗಾಳಿ ಅದರ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಅಂದಾಜು ವೆಚ್ಚ 1.1 ಕೋಟಿ ಡಾಲರ್. ದುಡ್ಡು ಕೊಡಬೇಕಾದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಂಸ್ಥೆಗಳಿಗೆ ಇದು ಜಾಸ್ತಿ ಅನ್ನಿಸಿತು. ಪೂರ್ವದ ದೊಡ್ಡ ಸಲಹೆಗಾರರನ್ನು ಕೇಳಿ ಅಂದರು. ನ್ಯೂಯಾರ್ಕಿನಿಂದ ಬಂದವರು ಸಾಮಾನ್ಯರಲ್ಲ. ತೂಗು ಸೇತುವೆಗಳ ಲೆಕ್ಕದಲ್ಲಿ ಆ ಕಾಲದ ಬಲು ದೊಡ್ಡ ಹೆಸರು, ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೂ ಸಲಹೆ ಕೊಟ್ಟವರು. ಅವರು ಟ್ರಸ್ ತೆಗೆದು ಅದರ ಜಾಗದಲ್ಲಿ 8 ಅಡಿ ಎತ್ತರದ ಗಟ್ಟಿ ಉಕ್ಕಿನ ಹಲಗೆಯಂಥ ಗರ್ಡರ್ ಹಾಕಿಸಿದರು. ವೆಚ್ಚ ಸುಮಾರು 64 ಲಕ್ಷ ಡಾಲರಿಗೆ ಇಳಿಯಿತು. ನೋಡಲೂ ಚೆಂದ, ತೆಳ್ಳಗೆ ರಿಬ್ಬನ್ ಹಾಗೆ.

ಎಷ್ಟು ತೆಳ್ಳಗೆ? ಎರಡು ಗೋಪುರಗಳ ನಡುವಿನ ಅಂತರ 2,800 ಅಡಿ, ಆಗ ಪ್ರಪಂಚದಲ್ಲಿ ಮೂರನೆಯ ಸ್ಥಾನ. ಅಗಲ ಬರೀ 39 ಅಡಿ. ಉದ್ದ ಅಗಲದ 72 ಪಟ್ಟು. ಗೋಲ್ಡನ್ ಗೇಟಿನಲ್ಲಿ ಇದು ಸುಮಾರು 47 ಪಟ್ಟು. ಇನ್ನು ಎತ್ತರವನ್ನು ಲೆಕ್ಕ ಹಾಕಿದರೆ ಒಂದಡಿ ದಪ್ಪಕ್ಕೆ 350 ಅಡಿ ಉದ್ದ.

ಲೆಕ್ಕದಲ್ಲಿ ತಪ್ಪಿತ್ತಾ? ಇಲ್ಲ, ಇದನ್ನು ಒತ್ತಿ ಹೇಳಬೇಕು. ವಾಹನದ ಭಾರ, ತನ್ನದೇ ಭಾರ, ಬದಿಯಿಂದ ಒಂದೇ ಸಮ ತಳ್ಳುವ ಬಿರುಗಾಳಿ, ಎಲ್ಲಕ್ಕೂ ಸೇತುವೆ ಸಾಕಷ್ಟು ಗಟ್ಟಿಯಿತ್ತು. ಮುಂದೆ ಅದನ್ನು ಬೀಳಿಸಿದ ಗಾಳಿಗಿಂತ ಎರಡು ಪಟ್ಟಿಗೂ ಮೀರಿದ ವೇಗದ ಗಾಳಿ ತಳ್ಳಿದರೂ ತಡೆಯಬೇಕು ಅನ್ನುವ ಲೆಕ್ಕ ಅದು. ಗಾಳಿ ತಳ್ಳುವುದನ್ನು ಲೆಕ್ಕ ಹಾಕಿದ್ದರು, ಕುಣಿಸುವುದನ್ನು ಹಾಕಿರಲಿಲ್ಲ. ಹಾಗಂತ ಅದು ಯಾರಿಗೂ ಗೊತ್ತಿಲ್ಲದ ಸಂಗತಿಯೂ ಅಲ್ಲ. 1854ರಲ್ಲಿ ಓಹಾಯೋ ನದಿಯ ಮೇಲಿನ ವೀಲಿಂಗ್ ತೂಗು ಸೇತುವೆ ಗಾಳಿಗೆ ಹೊರಳಾಡಿ ಬಿದ್ದಿತ್ತು. 1883ರ ಬ್ರೂಕ್ಲಿನ್ ಸೇತುವೆಗೆ ಗಟ್ಟಿ ಟ್ರಸ್ಸು, ಗೋಪುರದಿಂದ ಓರೆಯಾಗಿ ಇಳಿಯುವ ಹೆಚ್ಚುವರಿ ಕೇಬಲ್ಲು ಎಲ್ಲ ಬಿಗಿದಿದ್ದು ಇಂಥ ಭಯದಿಂದಲೇ. ಆಮೇಲೆ ಲೆಕ್ಕ ಚುರುಕಾಯಿತು, ಭಯ ಹೋಯಿತು.

ಸಮಸ್ಯೆ

ಸೇತುವೆ 1940ರ ಜುಲೈ 1ರಂದು ಜನರಿಗೆ ತೆರೆಯಿತು. ಕಟ್ಟುತ್ತಿದ್ದಾಗಲೇ ರಸ್ತೆ ಏಳುತ್ತಾ ಬೀಳುತ್ತಾ ಇತ್ತು. ವಾಕರಿಕೆ ತಡೆಯಲು ಕೆಲಸಗಾರರು ನಿಂಬೆಹಣ್ಣು ಚೀಪುತ್ತಿದ್ದರು ಅಂತ ಹೇಳುತ್ತಾರೆ. ನಮ್ಮ ಘಾಟಿ ಬಸ್ಸಿನ ಹಾಗೆಯೇ, ಅಲ್ವಾ? ಜನ ಅದಕ್ಕೆ 'ಗ್ಯಾಲಪಿಂಗ್ ಗರ್ಟಿ' ಅಂತ ಅಡ್ಡಹೆಸರಿಟ್ಟರು, ಅಂದರೆ ಕುದುರೆಯ ಹಾಗೆ ಕುಣಿದೋಡುವ ಗರ್ಟಿ. ಮುಂದೆ ಹೋಗುವ ಕಾರು ಅಲೆಯ ತಗ್ಗಿನಲ್ಲಿ ಮಾಯವಾಗಿ ಮತ್ತೆ ಮೇಲೆ ಬರುತ್ತಿತ್ತು. ಆ ಮಜಾಕ್ಕೆಂದೇ ಟೋಲ್ ಕೊಟ್ಟು ಬರುವವರಿದ್ದರು. ಟೋಲ್ ಆದಾಯ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಕುಣಿತವೇ ಕಾಸು ತರುತ್ತಿದ್ದರೆ ಅದನ್ನು ರೋಗ ಅಂತ ಒಪ್ಪುವುದು ಯಾರಿಗಾದರೂ ಕಷ್ಟವೇ.

ಸೇತುವೆಯ ಅಧಿಕಾರಿಗಳು ಕೈ ಕಟ್ಟಿ ಕೂತಿರಲಿಲ್ಲ. ಗೋಪುರಗಳ ಬಳಿ ಹೈಡ್ರಾಲಿಕ್ ಬಫರ್, ಅಂದರೆ ಅಲುಗಾಟವನ್ನು ಹೀರಿಕೊಳ್ಳುವ ಸಾಧನ, ಹಾಕಿಸಿದರು. ಬಣ್ಣ ಬಳಿಯುವ ಮೊದಲು ಉಕ್ಕನ್ನು ಮರಳಿನಿಂದ ಉಜ್ಜುತ್ತಾರಲ್ಲ, ಆ ಮರಳು ಬಫರಿನ ಸೀಲಿಗೆ ಹೊಕ್ಕು ಅವು ಕೆಟ್ಟವು. ದಡದಲ್ಲಿ 50 ಟನ್ ತೂಕದ ಕಾಂಕ್ರೀಟ್ ದಿಮ್ಮಿಗಳನ್ನಿಟ್ಟು ಗರ್ಡರನ್ನು ಅವಕ್ಕೆ ಕೇಬಲ್ಲಿನಿಂದ ಕಟ್ಟಿದರು. ಕಟ್ಟಿದ ಸ್ವಲ್ಪ ದಿನಕ್ಕೇ ಅವೂ ಹರಿದವು. ಸೇತುವೆಯ ನಡುಮಧ್ಯದಲ್ಲಿ ಮುಖ್ಯ ಕೇಬಲ್ಲಿಗೂ ರಸ್ತೆಗೂ ಓರೆ ಕಟ್ಟು ಹಾಕಿದರು. ಇವು ಮಾತ್ರ ಕೊನೆಯವರೆಗೂ ಇದ್ದವು. ಆದರೆ ಕುಣಿತ ನಿಲ್ಲಲಿಲ್ಲ.

ಮೇಷ್ಟ್ರು ಬಂದಿದ್ದು ಈ ಹಂತದಲ್ಲಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು. ಪಾಠದ ಜೊತೆಗೆ ಮಾದರಿ ಕಟ್ಟಿ ಪರೀಕ್ಷೆ ಮಾಡುವುದರಲ್ಲಿ ಪಳಗಿದ ಕೈ. ಟೋಲ್ ಸೇತುವೆ ಪ್ರಾಧಿಕಾರ ಅವರಿಗೆ ಹೇಳಿದ್ದು ಇಷ್ಟೇ: ಈ ಕುಣಿತ ನಿಲ್ಲಿಸಿಕೊಡಿ.

ಏನೇನು ಮಾಡಿ ನೋಡಿದರು

ಮೇಷ್ಟ್ರು ಎರಡು ಮಾದರಿ ಕಟ್ಟಿದರು. ಒಂದು ಇಡೀ ಸೇತುವೆಯದು, 200ರಲ್ಲಿ ಒಂದು ಪಾಲು ಗಾತ್ರ. ಕಟ್ಟು, ಬಿಗಿತ ಬದಲಾಯಿಸಿದರೆ ಏನಾಗುತ್ತದೆ ಅಂತ ನೋಡಲು ಅದು. ಇನ್ನೊಂದು ರಸ್ತೆಯ ಒಂದು ತುಂಡಿನ ಮಾದರಿ, 20ರಲ್ಲಿ ಒಂದು ಪಾಲು. ಅದನ್ನು ವಿಂಡ್ ಟನಲ್‌ನಲ್ಲಿ, ಅಂದರೆ ಬೇಕಾದ ವೇಗದಲ್ಲಿ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದಂಥ ಕೋಣೆಯಲ್ಲಿಟ್ಟು, ಗಾಳಿ ಬಿಟ್ಟರು.

ಈ ತುಂಡನ್ನು ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರ. ಎರಡು ಬದಿ ಗಟ್ಟಿ ಗೋಡೆಯಂಥ ಗರ್ಡರ್, ನಡುವೆ ರಸ್ತೆ. ಗಾಳಿಗೆ ನುಸುಳಲು ದಾರಿಯಿಲ್ಲ. ಗೋಡೆಗೆ ಬಡಿದು ಮೇಲಿಂದ ಕೆಳಗಿಂದ ಸುಳಿ ಸುಳಿಯಾಗಿ ಹೋಗಬೇಕು. ಟನಲ್‌ನಲ್ಲಿ ಆ ತುಂಡು ಮೇಲೆ ಕೆಳಗೆ ಕುಣಿಯುವುದು ಬಿಟ್ಟು ಪಕ್ಕಕ್ಕೆ ಹೊರಳತೊಡಗಿತು. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ. ನಿಜವಾದ ಸೇತುವೆ ಇನ್ನೂ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಮಾಡಿದ ದಿನ ಸೇತುವೆಯ ಕತೆ ಮುಗಿಯಿತು ಅಂತ ಅಲ್ಲೇ ಮಾತಾಡಿಕೊಂಡಿದ್ದಾಗಿ ಮೇಷ್ಟ್ರು ಮುಂದೆ ಹೇಳಿದ್ದಾರೆ.

ಮದ್ದೂ ಸಿಕ್ಕಿತು. ಒಂದಲ್ಲ, ಎರಡು. ಮೊದಲನೆಯದು ಗರ್ಡರುಗಳಿಗೆ ತೂತು ಕೊರೆಯುವುದು, ಗಾಳಿ ಹಾದುಹೋಗಲಿ ಅಂತ. ಎರಡನೆಯದು ಗರ್ಡರಿನ ಹೊರಮೈಗೆ ಫೇರಿಂಗ್ ಕೂರಿಸುವುದು. ಫೇರಿಂಗ್ ಅಂದರೆ ದೋಣಿಯ ಮೂತಿಯ ಹಾಗೆ ಗಾಳಿಯನ್ನು ಸೀಳಿ ಆಚೀಚೆ ಕಳಿಸುವ ಹೊದಿಕೆ. ವರದಿ ಸಿದ್ಧವಾಗಿದ್ದು ನವೆಂಬರ್ 2ಕ್ಕೆ.

ಅಧಿಕಾರಿಗಳು ಫೇರಿಂಗ್ ಒಪ್ಪಿದರು, ತೂತು ಬೇಡ ಅಂದರು. ಒಮ್ಮೆ ಕೊರೆದ ತೂತನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಫೇರಿಂಗ್ ಸರಿಬರದಿದ್ದರೆ ಬಿಚ್ಚಿ ಬದಲಾಯಿಸಬಹುದು. ನನ್ನ ಮಟ್ಟಿಗೆ ಇದು ಒಳ್ಳೆಯ ನಿರ್ಧಾರವೇ. ಈ ಪ್ರಕರಣ ಓದಿದ ಕೆಲವರು 'ತೂತು ಕೊರೆದಿದ್ದರೆ ಉಳಿಯುತ್ತಿತ್ತು' ಅನ್ನುತ್ತಾರೆ. ಅದು ಸುಮ್ನೆ ಮಾತು. ವರದಿ ಬಂದದ್ದಕ್ಕೂ ಸೇತುವೆ ಬಿದ್ದದ್ದಕ್ಕೂ ನಡುವೆ ಇದ್ದದ್ದು ಐದೇ ದಿನ. ಅಷ್ಟರಲ್ಲಿ ಎರಡರಲ್ಲಿ ಯಾವುದೂ ಮುಗಿಯುವ ಕೆಲಸವಲ್ಲ.

ನನಗೆ ಕಾಡುವುದು ಬೇರೆ. ತೂತೋ ಫೇರಿಂಗೋ ಅನ್ನುವ ಚರ್ಚೆಯಲ್ಲಿ ಮೂರನೆಯ ಪ್ರಶ್ನೆಯೊಂದು ಮೇಲೆ ಬರಲೇ ಇಲ್ಲ. ಮದ್ದು ಹಾಕುವವರೆಗೆ ಏನು ಮಾಡೋಣ? ಇಷ್ಟು ಗಾಳಿ ಬಂದರೆ ಗೇಟ್ ಹಾಕಿ ಅಂತ ಒಂದು ಗೆರೆ ಎಳೆಯಬಹುದಿತ್ತು. ಮಾದರಿ ತಿರುಚಿಕೊಂಡಿದ್ದನ್ನು ಕಣ್ಣಾರೆ ಕಂಡವರು ಇದ್ದರು. ಆದರೂ ಸೇತುವೆ ತೆರೆದೇ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ನಾಲ್ಕು ತಿಂಗಳಿಂದ ದಿನಾ ಕುಣಿದೂ ಏನೂ ಆಗಿರಲಿಲ್ಲ. ಎದುರಿಗಿದ್ದ ದೊಡ್ಡ ಸೇತುವೆ 'ನಾನು ಗಟ್ಟಿ' ಅನ್ನುತ್ತಿತ್ತು, ಲ್ಯಾಬಿನ ಪುಟ್ಟ ತುಂಡು 'ಇಲ್ಲ' ಅನ್ನುತ್ತಿತ್ತು. ಇಂಥ ಜಗಳದಲ್ಲಿ ಪುಟ್ಟದರ ಮಾತು ಕೇಳುವವರು ಯಾರು?

ನವೆಂಬರ್ 7

ಆ ಬೆಳಿಗ್ಗೆ ಗಾಳಿಯ ವೇಗ ಗಂಟೆಗೆ ಸುಮಾರು 42 ಮೈಲಿ, ನಮ್ಮ ಲೆಕ್ಕದಲ್ಲಿ 68 ಕಿಲೋಮೀಟರ್. ಜೋರು ಗಾಳಿ ಹೌದು, ಚಂಡಮಾರುತ ಅಲ್ಲ. ಕುಣಿತವನ್ನು ಚಿತ್ರೀಕರಿಸಿ ಅಳೆಯೋಣ ಅಂತ ಮೇಷ್ಟ್ರು ಸಿಯಾಟಲ್‌ನಿಂದ ಕ್ಯಾಮೆರಾ ಹಿಡಿದು ಬಂದಿದ್ದರು. ಎಂದಿನ ಹಾಗೆ ಅಲೆ ಮೇಲೆ ಕೆಳಗೆ, ನಿಮಿಷಕ್ಕೆ ಮೂವತ್ತೇಳು, ಮೂವತ್ತೆಂಟು ಸಲ.

ಹತ್ತು ಗಂಟೆ ಸುಮಾರಿಗೆ ಒಂದು ಸಣ್ಣ ಭಾಗ ಕೈಕೊಟ್ಟಿತು. ಉತ್ತರ ಬದಿಯ ಮುಖ್ಯ ಕೇಬಲ್ಲನ್ನು ಸೇತುವೆಯ ನಡುಮಧ್ಯದಲ್ಲಿ ಹಿಡಿದಿದ್ದ ಪಟ್ಟಿ ಜಾರಿತು. ಅಲ್ಲಿಯವರೆಗೆ ಎರಡೂ ಬದಿ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಈಗ ಬೇರೆ ಬೇರೆಯಾದವು. ಕುಣಿತ ಹೊರಳಾಟವಾಯಿತು. ಅರ್ಧ ಸೇತುವೆ ಎಡಕ್ಕೆ ವಾಲಿದರೆ ಉಳಿದರ್ಧ ಬಲಕ್ಕೆ. ನಿಮಿಷಕ್ಕೆ 14 ಸಲ, ಆಮೇಲೆ 12. ಒಂದು ಅಂಚು ಇನ್ನೊಂದಕ್ಕಿಂತ 28 ಅಡಿ ಮೇಲೆ. ಲ್ಯಾಬಿನಲ್ಲಿ ಕಂಡದ್ದೇ ಇಲ್ಲಿ ದೊಡ್ಡದಾಗಿ ನಡೆಯುತ್ತಿತ್ತು.

ಗೇಟ್ ಮುಚ್ಚಿದರು. ಆದರೆ ಒಂದು ಕಾರು ಆಗಲೇ ಸೇತುವೆಯ ಮೇಲಿತ್ತು. ಅದರಲ್ಲಿದ್ದ ಪತ್ರಕರ್ತ ಹೊರಗೆ ಬಿದ್ದು, ರಸ್ತೆಯ ಅಂಚನ್ನು ಹಿಡಿದು ತೆವಳುತ್ತಾ ದಡ ಸೇರಿದರು. ಮೊಣಕಾಲು ತರಚಿ ರಕ್ತ. ಹಿಂದೆ ಉಳಿದದ್ದು ಕಾರು, ಕಾರಿನೊಳಗೆ ಮಗಳ ನಾಯಿ. ಜನರ ಹೆಸರು ಹೇಳುವುದಿಲ್ಲ ಅಂದಿದ್ದೆ. ನಾಯಿಯ ಹೆಸರು ಟಬ್ಬಿ.

ಮೇಷ್ಟ್ರು ನಡೆದಿದ್ದು ಆಗ. ನಾಯಿಯನ್ನು ತರಲು. ನಡುಗೆರೆ ಹಿಡಿದು ಹೋದದ್ದು ಗಾಬರಿಯಲ್ಲಿ ಅಲ್ಲ. ಹಲಗೆಯೊಂದು ಉದ್ದಕ್ಕೂ ಹೊರಳುವಾಗ ಅಂಚುಗಳು ಮೇಲೆ ಕೆಳಗೆ ಹೋಗುತ್ತವೆ, ನಡುಗೆರೆ ಮಾತ್ರ ಹೆಚ್ಚುಕಮ್ಮಿ ಅದೇ ಮಟ್ಟದಲ್ಲಿ ಇರುತ್ತದೆ. ಆ ಹೊತ್ತಿನಲ್ಲಿ ಕಾಲಿಡಲು ಇದ್ದ ಜಾಗ ಅದೊಂದೇ. ಪಾಠ ಮಾಡುವ ವಿಷಯವನ್ನೇ ಕಾಲ ಕೆಳಗೆ ಹಾಸಿಕೊಂಡು ನಡೆದರು ಅನ್ನಿ. ಕಾರಿನ ಬಾಗಿಲು ತೆಗೆದು ಕೈ ಹಾಕಿದರೆ ಹೆದರಿದ ನಾಯಿ ಬೆರಳು ಕಚ್ಚಿತು. ಬರಿಗೈಯಲ್ಲಿ ವಾಪಸ್ಸಾದರು.

ಹನ್ನೊಂದು ದಾಟಿದ ಮೇಲೆ ನಡುವಿನ 600 ಅಡಿ ರಸ್ತೆ ಕಳಚಿ ನೀರಿಗೆ ಬಿತ್ತು. ಕೆಲವೇ ನಿಮಿಷದಲ್ಲಿ ಉಳಿದದ್ದೂ ಹೋಯಿತು. ಸತ್ತದ್ದು ಟಬ್ಬಿ ಒಂದೇ.

ಆಮೇಲೆ

ಒಂದು ಸಣ್ಣ ಉಪಕತೆ. ಸೇತುವೆಗೆ ವಿಮೆ ಇತ್ತು. ಒಬ್ಬ ಏಜೆಂಟ್ ಎಂಟು ಲಕ್ಷ ಡಾಲರಿನ ಪಾಲಿಸಿಯ ಕಂತನ್ನು ಕಂಪನಿಗೆ ಕಟ್ಟದೆ ಜೇಬಿಗಿಳಿಸಿದ್ದ. ಇಂಥ ಸೇತುವೆ ಬೀಳುವುದುಂಟೇ ಅನ್ನುವ ಧೈರ್ಯ. ಜೈಲಿಗೆ ಹೋದ. ಅಂದಿನ ನಂಬಿಕೆ ಎಷ್ಟು ಗಟ್ಟಿಯಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಫೆಡರಲ್ ಸರ್ಕಾರ ಮೂವರ ತನಿಖಾ ಸಮಿತಿ ಮಾಡಿತು. ಅವರಲ್ಲಿ ಒಬ್ಬರ ಹೆಸರಿನಿಂದಲೇ ಗಾಳಿಯ ಒಂದು ಬಗೆಯ ಸುಳಿಸಾಲನ್ನು ಕರೆಯುತ್ತಾರೆ: ಕಾರ್ಮನ್ ಸುಳಿ. 1941ರ ಮಾರ್ಚ್‌ನಲ್ಲಿ ವರದಿ ಬಂತು. ಆ ಕಾಲದ ಪದ್ಧತಿಯ ಪ್ರಕಾರ ವಿನ್ಯಾಸ ಸರಿಯಾಗಿಯೇ ಇತ್ತು, ಗಾಳಿ ಹುಟ್ಟಿಸುವ ಚಲನೆಯ ಬಗ್ಗೆ ಸಂಶೋಧನೆ ಆಗಬೇಕು ಅನ್ನುವುದು ಅದರ ಸಾರ. ನ್ಯೂಯಾರ್ಕಿನ ಸಲಹೆಗಾರರ ಮೇಲೆ ಅಪರಾಧ ಹೊರಿಸಲಿಲ್ಲ. ಆದರೆ ಅವರ ಹೆಸರಿಗೆ ಬಿದ್ದ ಪೆಟ್ಟು ವಾಸಿಯಾಗಲಿಲ್ಲ. 1943ರಲ್ಲಿ ತೀರಿಕೊಂಡರು.

ಮೇಷ್ಟ್ರ ಬದುಕು ಇಲ್ಲಿ ತಿರುವು ಪಡೆಯಿತು. ಕುಣಿತ ನಿಲ್ಲಿಸಲು ಕರೆಸಿದ್ದ ಸೇತುವೆ ಬಿದ್ದಿತ್ತು. ಒಪ್ಪಿಕೊಂಡ ಕೆಲಸ ಮುಗಿಯಿತು ಅಂತ ಕೈ ತೊಳೆದುಕೊಳ್ಳಬಹುದಿತ್ತು. ಅವರು ಬಿದ್ದ ಸೇತುವೆಯನ್ನೇ ಮತ್ತೆ ಕಟ್ಟಿದರು, 50ರಲ್ಲಿ ಒಂದು ಪಾಲು ಗಾತ್ರದಲ್ಲಿ. ಅಷ್ಟು ಚಿಕ್ಕದು ಮಾಡಿದರೂ ಮಾದರಿಯ ಉದ್ದ 100 ಅಡಿ! ಅದು ಹಿಡಿಸುವಷ್ಟು ಅಗಲದ ವಿಂಡ್ ಟನಲ್ ಇರುವ ಲ್ಯಾಬನ್ನು ವಿಶ್ವವಿದ್ಯಾಲಯದಲ್ಲಿ ಕಟ್ಟಿಸಿದರು. ಬಿದ್ದ ಸೇತುವೆಯ ಮಾದರಿ ಅಲ್ಲೂ ಹೊರಳಿತು. ಹೊರಳಿದ ಮೇಲೇ ಅವರಿಗೆ ಮಾದರಿಯ ಮೇಲೆ ಭರವಸೆ. ಆಮೇಲೆ ಹೊಸ ಸೇತುವೆಯ ನಕ್ಷೆಯನ್ನು ಅದೇ ಗಾಳಿಗೆ ಒಡ್ಡಿದರು. ಗಟ್ಟಿ ಗರ್ಡರ್ ಹೋಗಿ 33 ಅಡಿ ಎತ್ತರದ ಟ್ರಸ್ ಬಂತು. ರಾಜ್ಯದ ಎಂಜಿನಿಯರ್ ಮೊದಲು ಕೇಳಿದ್ದು 25 ಅಡಿ ಅನ್ನುವುದು ನೆನಪಿರಲಿ. ರಸ್ತೆಯ ನಡುವೆ, ಬದಿಯಲ್ಲಿ ಗಾಳಿ ಹಾಯಲು ಜಾಲರಿಯ ಸಂದಿ ಬಿಟ್ಟರು. ಹೊಸ ಸೇತುವೆ ತೆರೆದದ್ದು 1950ರ ಅಕ್ಟೋಬರ್ 14ಕ್ಕೆ. ಇಂದಿಗೂ ವಾಹನ ಓಡಾಡುತ್ತಿವೆ. ವರ್ಷಗಟ್ಟಲೆ ಮಾಡಿದ ಪ್ರಯೋಗವನ್ನೆಲ್ಲ ಮೇಷ್ಟ್ರು 1949ರಿಂದ 1954ರವರೆಗೆ ಐದು ಭಾಗಗಳ ವರದಿಯಾಗಿ ಪ್ರಕಟಿಸಿದರು.

ಇದರಿಂದ ಏನು ಹಿಡಿದುಕೊಳ್ಳಬೇಕು

ಮೊದಲು ಒಂದು ತಪ್ಪು ಪಾಠ ಬಿಡಿಸಿಬಿಡುತ್ತೇನೆ. ಎಷ್ಟೋ ಪಠ್ಯಪುಸ್ತಕಗಳು ಇದನ್ನು ಅನುರಣನಕ್ಕೆ ಉದಾಹರಣೆಯಾಗಿ ಕೊಡುತ್ತವೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದ ಹಾಗೆ ಗಾಳಿ ಸೇತುವೆಯನ್ನು ತಳ್ಳಿತು ಅನ್ನುತ್ತವೆ. ಗಾಳಿ ಹಾಗೆ ತಾಳ ಹಿಡಿದು ತಳ್ಳಲಿಲ್ಲ. ಆ ವೇಗದಲ್ಲಿ ಸುಳಿಗಳು ಬಿಡುವ ತಾಳ ನಿಮಿಷಕ್ಕೆ ಸುಮಾರು 60. ಸೇತುವೆ ಹೊರಳಿದ್ದು 12. ಎಲ್ಲಿಂದೆಲ್ಲಿಗೆ? ಸರಿಯಾದ ಹೋಲಿಕೆ ಬೇಕಿದ್ದರೆ ತೆಂಗಿನ ಗರಿಯ ಪೀಪಿ ನೆನಪಿಸಿಕೊಳ್ಳಿ. ನಾವು ಒಂದೇ ಸಮ ಊದುತ್ತೇವೆ, ತಾಳ ಹಾಕುವುದಿಲ್ಲ. ಗರಿ ತಾನೇ ಅದುರುತ್ತದೆ, ಅದುರಿದಷ್ಟೂ ಗಾಳಿಯಿಂದ ಬಲ ಎಳೆದುಕೊಳ್ಳುತ್ತದೆ. ಸೇತುವೆ ಮಾಡಿದ್ದೂ ಅದನ್ನೇ. ಎಂಜಿನಿಯರುಗಳು ಇದಕ್ಕೆ ಫ್ಲಟರ್ ಅನ್ನುತ್ತಾರೆ. 1991ರಲ್ಲಿ ಇಬ್ಬರು ಸಂಶೋಧಕರು ಭೌತಶಾಸ್ತ್ರದ ಪತ್ರಿಕೆಯೊಂದರಲ್ಲಿ ಈ ಪಠ್ಯಪುಸ್ತಕದ ತಪ್ಪನ್ನು ಬಿಡಿಸಿ ಬರೆದರೂ ನಮ್ಮ ಹುಡುಗರು ಈಗಲೂ ಪರೀಕ್ಷೆಯಲ್ಲಿ ಅನುರಣನ ಅಂತಲೇ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ವಿಡಿಯೋಗಳಲ್ಲೂ ಮೋಸವಿದೆ. ಹಳೆಯ ಫಿಲ್ಮನ್ನು ತಪ್ಪು ವೇಗದಲ್ಲಿ ನಕಲು ಮಾಡಿದ್ದರಿಂದ ಎಷ್ಟೋ ಪ್ರತಿಗಳಲ್ಲಿ ಸೇತುವೆ ನಿಜಕ್ಕಿಂತ ಬೇಗ ಹೊರಳುತ್ತದೆ.

ಹೊಣೆಯ ವಿಷಯಕ್ಕೆ ಬಂದರೆ, ನಾನು ಮೇಷ್ಟ್ರನ್ನು ಹೀರೋ ಮಾಡಲು ಹೋಗುವುದಿಲ್ಲ. ಅವರನ್ನು ಕೇಳಿದ್ದು ಹೇಗೆ ನಿಲ್ಲಿಸುವುದು ಅಂತ. ಅದಕ್ಕೆ ಉತ್ತರ ಕೊಟ್ಟರು. ನಾಳೆ ಬೆಳಿಗ್ಗೆ ತೆರೆಯಬಹುದೇ ಅಂತ ಯಾರೂ ಕೇಳಲಿಲ್ಲ, ಅವರೂ ಎತ್ತಿ ಆಡಲಿಲ್ಲ. ನಮ್ಮ ಸಲಹೆಗಾರ ವರದಿಗಳನ್ನು ನೋಡಿ. ಶಿಫಾರಸು ಒಂದು, ಎರಡು, ಮೂರು ಅಂತ ಇರುತ್ತದೆ. ಶಿಫಾರಸು ಜಾರಿಯಾಗುವವರೆಗೆ ಗೇಟ್ ಹೇಗಿರಬೇಕು ಅನ್ನುವ ಸಾಲು ಅಪರೂಪ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ವರದಿ ಬರೆಸುವಾಗ ನಾನು ಈಗ ಒಂದು ಪುಟ ಜಾಸ್ತಿ ಕೇಳುತ್ತೇನೆ. ಅದರ ತಲೆಬರಹ 'ಅಲ್ಲಿಯವರೆಗೆ'. ಬೈಕೊಳ್ಳುತ್ತಾರೆ, ಬರೆಯುತ್ತಾರೆ.

ಈ ಪ್ರಶ್ನೆಗೆ ಉತ್ತರ ಕೊಟ್ಟ ಸೇತುವೆಯೂ ಒಂದಿದೆ. ನ್ಯೂಯಾರ್ಕಿನ ಬ್ರಾಂಕ್ಸ್ ವೈಟ್‌ಸ್ಟೋನ್. 1939ರಲ್ಲಿ ತೆರೆದದ್ದು, ಟಕೋಮಾದ ಅಕ್ಕ ಅನ್ನಬಹುದು. ಅದೇ ಗಟ್ಟಿ ಗರ್ಡರ್, ಅದೇ ತೆಳ್ಳನೆಯ ಮೈ, ಸ್ವಲ್ಪ ಕುಣಿತವೂ ಇತ್ತು. 1940ರಲ್ಲೇ ಅದಕ್ಕೆ ಗೋಪುರದಿಂದ ಓರೆ ಕೇಬಲ್ ಬಿಗಿದರು. 1946ರಲ್ಲಿ ಎರಡೂ ಬದಿಗೆ ಟ್ರಸ್ ಹೊರಿಸಿದರು. ಚೆಂದ ಕೆಟ್ಟಿತು, ಭಾರ ಏರಿತು, ಸೇತುವೆ ನಿಂತಿತು. 2003ರಿಂದ ಆ ಟ್ರಸ್ಸುಗಳನ್ನು ಬಿಚ್ಚತೊಡಗಿದರು. ಅವುಗಳ ಬದಲು ಉದ್ದಕ್ಕೂ ಎರಡು ಬದಿಗೆ ಫೈಬರ್‌ಗ್ಲಾಸಿನ ತ್ರಿಕೋನ ಫೇರಿಂಗ್ ಕೂರಿಸಿದರು. ಮೇಷ್ಟ್ರು ನವೆಂಬರ್ 2ರಂದು ಹೇಳಿದ್ದೂ ಇದನ್ನೇ.